ಬ್ರಿಟನ್ನಿನ ಉತ್ತರಾಧಿಕಾರ ತೆರಿಗೆ: ಸಂಗಾತಿಯನ್ನು ಕಳೆದುಕೊಂಡ ಅಜ್ಜ-ಅಜ್ಜಿಯರ ಆಸ್ತಿ ಮತ್ತು ವಿನಾಯಿತಿಗಳು

ಬ್ರಿಟನ್ನಿನಲ್ಲಿ ಒಬ್ಬರು ತೀರಿಕೊಂಡರೆ ಅವರ ಮನೆ, ಜಮೀನು, ಬ್ಯಾಂಕಿನ ಹಣ, ಷೇರು, ಒಡವೆ ಎಲ್ಲವನ್ನೂ ಒಟ್ಟುಗೂಡಿಸಿ, ಸಾಲವನ್ನೂ ಅಂತ್ಯಕ್ರಿಯೆಯ ಖರ್ಚನ್ನೂ ಕಳೆದು, ಉಳಿದ ಮೌಲ್ಯದ ಮೇಲೆ ಸರ್ಕಾರ ತೆರಿಗೆ ಹಾಕುತ್ತದೆ. ಅಲ್ಲಿ ಅದಕ್ಕೆ ಇನ್‌ಹೆರಿಟೆನ್ಸ್ ಟ್ಯಾಕ್ಸ್ ಎಂದು ಹೆಸರು; ಕನ್ನಡದಲ್ಲಿ ಉತ್ತರಾಧಿಕಾರ ತೆರಿಗೆ. ಮೊದಲ 3,25,000 ಪೌಂಡ್‌ವರೆಗೆ ತೆರಿಗೆಯ ದರ ಸೊನ್ನೆ. ಅದನ್ನು ಮೀರಿದ ಭಾಗಕ್ಕೆ ಶೇ 40. ಸಾಮಾನ್ಯವಾಗಿ ಈ ತೆರಿಗೆಯನ್ನು ವಾರಸುದಾರರು ತಮ್ಮ ಜೇಬಿನಿಂದ ಕಟ್ಟುವುದಿಲ್ಲ. ಉಯಿಲನ್ನು ಜಾರಿಗೆ ತರುವ ಹೊಣೆ ಹೊತ್ತ ಎಕ್ಸಿಕ್ಯೂಟರ್‌ಗಳು ಹಂಚಿಕೆಗೆ ಮುಂಚೆಯೇ ಆಸ್ತಿಯಿಂದ ಅದನ್ನು ತೆರುತ್ತಾರೆ.

ಗಂಡ-ಹೆಂಡಿರಲ್ಲಿ ಮೊದಲು ಒಬ್ಬರು ಹೋದಾಗ ಈ ತೆರಿಗೆ ಬಹುತೇಕ ಕಾಣಿಸಿಕೊಳ್ಳುವುದೇ ಇಲ್ಲ. ಸಂಗಾತಿಗೆ ಬಿಟ್ಟ ಆಸ್ತಿ ಎಷ್ಟಿದ್ದರೂ ಅದಕ್ಕೆ ಪೂರ್ಣ ವಿನಾಯಿತಿ ಇರುವುದೇ ಕಾರಣ. ಎರಡನೆಯವರೂ ತೀರಿಕೊಂಡು ಆಸ್ತಿ ಮಕ್ಕಳು, ಮೊಮ್ಮಕ್ಕಳಿಗೆ ಇಳಿಯುವಾಗ ಲೆಕ್ಕ ನಿಜವಾಗಿ ಶುರುವಾಗುತ್ತದೆ. ಹೀಗಾಗಿ ಗಂಡನನ್ನು ಕಳೆದುಕೊಂಡ ಅಜ್ಜಿ ಅಥವಾ ಹೆಂಡತಿಯನ್ನು ಕಳೆದುಕೊಂಡ ಅಜ್ಜ ಈ ಕಾಯಿದೆಯ ಮಧ್ಯದಲ್ಲಿ ನಿಲ್ಲುತ್ತಾರೆ. ಅಜ್ಜಿಯ ಹೆಸರಿನಲ್ಲಿ ತೆರೆಯುವ ಲೆಕ್ಕ ವಾಸ್ತವದಲ್ಲಿ ಇಬ್ಬರ ಲೆಕ್ಕ. ಹಲವು ವರ್ಷಗಳ ಹಿಂದೆ ತೀರಿಕೊಂಡ ಅಜ್ಜ ತನ್ನ ಪಾಲಿನ ವಿನಾಯಿತಿಯಲ್ಲಿ ಎಷ್ಟನ್ನು ಬಳಸದೆ ಬಿಟ್ಟಿದ್ದ ಎಂಬುದು ಇಂದಿನ ತೆರಿಗೆಯನ್ನು ನಿರ್ಧರಿಸುತ್ತದೆ. ಆ ಉಳಿಕೆ ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು. ಇದನ್ನು ತಿಳಿಯದ ಕುಟುಂಬ ಒಂದೂವರೆ ಲಕ್ಷ ಪೌಂಡ್‌ನಷ್ಟು ತೆರಿಗೆಯನ್ನು ವೃಥಾ ಕಟ್ಟುವ ಸಾಧ್ಯತೆ ಇದೆ. ಮುಂದಿನ ಉದಾಹರಣೆಯಲ್ಲಿ ಅದು ಸ್ಪಷ್ಟವಾಗುತ್ತದೆ.

ಹಿನ್ನೆಲೆ

ಸಾವಿನ ಸಮಯದ ಆಸ್ತಿ ತೆರಿಗೆಗೆ ಬ್ರಿಟನ್ನಿನಲ್ಲಿ ಆಧುನಿಕ ರೂಪ ಕೊಟ್ಟದ್ದು 1894ರ ಎಸ್ಟೇಟ್ ಡ್ಯೂಟಿ. ಆಗಿನ ಹಣಕಾಸು ಸಚಿವ ಸರ್ ವಿಲಿಯಂ ಹಾರ್‌ಕೋರ್ಟ್ ಅದನ್ನು ತಂದರು. 1975ರಲ್ಲಿ ಡೆನಿಸ್ ಹೀಲಿ ಅದರ ಜಾಗಕ್ಕೆ ಬಂಡವಾಳ ವರ್ಗಾವಣೆ ತೆರಿಗೆಯನ್ನು ತಂದು, ಬದುಕಿದ್ದಾಗ ಕೊಟ್ಟ ದಾನಗಳನ್ನೂ ಲೆಕ್ಕಕ್ಕೆ ಸೇರಿಸಿದರು. 1986ರಲ್ಲಿ ನೈಜೆಲ್ ಲಾಸನ್ ಅದನ್ನು ಸಡಿಲಿಸಿ ಇಂದಿನ ಹೆಸರು ಕೊಟ್ಟರು. ಮೂಲ ಶಾಸನ 1984ರದ್ದೇ. ಹೆಸರು ಮಾತ್ರ ಬದಲಾಯಿತು. ಶೇ 40ರ ಏಕ ದರ 1988ರಿಂದ ಹಾಗೆಯೇ ನಡೆದುಬಂದಿದೆ.

ಸಂಗಾತಿಗೆ ಸಿಗುವ ವಿನಾಯಿತಿಗೂ ಒಂದು ಇತಿಹಾಸವಿದೆ, ಅದು ಇಂದಿಗೂ ಕೆಲಸಕ್ಕೆ ಬರುತ್ತದೆ. 1972ರ ಮಾರ್ಚ್ 21ಕ್ಕೆ ಮುಂಚೆ ಇಂದಿನ ರೀತಿಯ ವಿನಾಯಿತಿ ಇರಲಿಲ್ಲ. ಅಲ್ಲಿಂದ 1974ರ ನವೆಂಬರ್ 12ರವರೆಗೆ ತೀರಿಕೊಂಡವರ ವಿಷಯದಲ್ಲಿ ಅದು 15,000 ಪೌಂಡ್‌ಗೆ ಸೀಮಿತವಾಗಿತ್ತು. ಮಿತಿಯಿಲ್ಲದ ವಿನಾಯಿತಿ ಬಂದದ್ದು ಅದರ ನಂತರ. ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ಅರ್ಧ ಶತಮಾನ ಒಂಟಿಯಾಗಿ ಬಾಳಿದ ಅಜ್ಜಿಯ ಆಸ್ತಿಗೆ ಲೆಕ್ಕ ಹಾಕುವವರು ಈಗಲೂ ಆ ಹಳೆಯ ದಿನಾಂಕಗಳನ್ನು ನೋಡಬೇಕಾಗುತ್ತದೆ.

ಅಜ್ಜನ ಉಳಿಕೆ ಅಜ್ಜಿಗೆ

ತೆರಿಗೆಯಿಲ್ಲದ ಮೂಲ ಮಿತಿಯನ್ನು ಅಲ್ಲಿ ನಿಲ್ ರೇಟ್ ಬ್ಯಾಂಡ್ ಎನ್ನುತ್ತಾರೆ. ಇಲ್ಲಿ ಶೂನ್ಯ ದರದ ಮಿತಿ ಎನ್ನೋಣ. ಪ್ರತಿಯೊಬ್ಬರಿಗೂ ಒಂದು ಮಿತಿ. 2007ಕ್ಕೆ ಮುಂಚೆ ಒಂದು ವಿಚಿತ್ರ ನಡೆಯುತ್ತಿತ್ತು. ಗಂಡ ಎಲ್ಲವನ್ನೂ ಹೆಂಡತಿಗೆ ಬಿಟ್ಟರೆ ಅವನ ಮಿತಿ ಬಳಕೆಯಾಗದೆ ಅವನೊಂದಿಗೇ ಮುಗಿದುಹೋಗುತ್ತಿತ್ತು. ಮುಂದೆ ಹೆಂಡತಿ ತೀರಿಕೊಂಡಾಗ ಇಬ್ಬರ ಆಸ್ತಿಗೂ ಸೇರಿ ಅವಳದೊಂದೇ ಮಿತಿ. ವಕೀಲರ ಸಲಹೆ ಪಡೆಯಬಲ್ಲ ಕುಟುಂಬಗಳು ಇದನ್ನು ತಪ್ಪಿಸಲು ಗಂಡನ ಉಯಿಲಿನಲ್ಲಿ ಮಿತಿಯಷ್ಟು ಹಣವನ್ನು ಒಂದು ಟ್ರಸ್ಟಿಗೆ ಬಿಡುತ್ತಿದ್ದವು. ಸಲಹೆಗಾರರ ಫೀಸು ಕೊಡಲಾಗದವರು, ಇಂಥದ್ದೊಂದು ದಾರಿ ಇದೆಯೆಂದೇ ಅರಿಯದವರು ತೆರಿಗೆ ಕಟ್ಟುತ್ತಿದ್ದರು.

2007ರ ಅಕ್ಟೋಬರ್ 9ರಂದು ಹಣಕಾಸು ಸಚಿವ ಅಲಿಸ್ಟೇರ್ ಡಾರ್ಲಿಂಗ್ ಈ ಅಸಮಾನತೆಗೆ ತೆರೆ ಎಳೆದರು. ಆ ದಿನದಿಂದ ಮುಂದೆ ಎರಡನೆಯ ಸಂಗಾತಿ ತೀರಿಕೊಂಡರೆ, ಮೊದಲನೆಯವರು ಬಳಸದೆ ಬಿಟ್ಟ ಮಿತಿ ಎರಡನೆಯವರ ಆಸ್ತಿಗೆ ಸೇರುತ್ತದೆ. ಮೊದಲನೆಯವರು ಯಾವಾಗ ತೀರಿಕೊಂಡರು ಎಂಬುದು ಅಡ್ಡಿಯಲ್ಲ. 1980 ಆಗಿದ್ದರೂ ಸರಿ.

ವರ್ಗಾವಣೆಯಾಗುವುದು ಹಣದ ಮೊತ್ತವಲ್ಲ, ಶೇಕಡಾವಾರು ಪಾಲು. ಅಜ್ಜ ತೀರಿಕೊಂಡ ವರ್ಷದ ಮಿತಿಯಲ್ಲಿ ಶೇಕಡಾ ಎಷ್ಟು ಉಳಿದಿತ್ತೋ, ಅಜ್ಜಿ ತೀರಿಕೊಂಡ ವರ್ಷದ ಮಿತಿಯ ಅಷ್ಟೇ ಶೇಕಡಾವಾರು ಅವಳಿಗೆ ಸಿಗುತ್ತದೆ. ಹಣದುಬ್ಬರ ಅಜ್ಜನ ಉಳಿಕೆಯನ್ನು ತಿಂದುಹಾಕದಂತೆ ಈ ಸೂತ್ರ ಕಾಯುತ್ತದೆ. ಇಡೀ ಕಾಯಿದೆಯಲ್ಲಿ ಇಷ್ಟು ಉದಾರವಾದ ಇನ್ನೊಂದು ನಿಯಮ ಸಿಗುವುದು ಕಷ್ಟ.

ಒಂದು ಕಲ್ಪಿತ ಉದಾಹರಣೆ ನೋಡೋಣ. ಅಜ್ಜ 2002ರ ಮೇ ತಿಂಗಳಲ್ಲಿ ತೀರಿಕೊಂಡರು. ಆ ವರ್ಷದ ಮಿತಿ 2,50,000 ಪೌಂಡ್. ಮಕ್ಕಳಿಗೆ 1,00,000 ಪೌಂಡ್ ಬಿಟ್ಟು, ಮಿಕ್ಕದ್ದನ್ನೆಲ್ಲ ಅಜ್ಜಿಗೆ ಬಿಟ್ಟರು. ಅಲ್ಲಿಗೆ ಅವರ ಮಿತಿಯಲ್ಲಿ ಶೇ 40 ಬಳಕೆಯಾಯಿತು, ಶೇ 60 ಉಳಿಯಿತು. ಅಜ್ಜಿ 2025ರಲ್ಲಿ ತೀರಿಕೊಂಡರು. ಅವರ ಸ್ವಂತ ಮಿತಿ 3,25,000. ಅಜ್ಜನಿಂದ ಬಂದದ್ದು ಅದರ ಶೇ 60, ಅಂದರೆ 1,95,000. ಒಟ್ಟು 5,20,000 ಪೌಂಡ್. ಅಜ್ಜ ಮಕ್ಕಳಿಗೆ ಏನನ್ನೂ ಬಿಡದೆ ಎಲ್ಲವನ್ನೂ ಅಜ್ಜಿಗೇ ಕೊಟ್ಟಿದ್ದರೆ ಒಟ್ಟು 6,50,000 ಆಗುತ್ತಿತ್ತು.

ಅಜ್ಜ ಉಯಿಲು ಬರೆಯದೆ ಹೋಗಿದ್ದರೆ? ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಉಯಿಲಿಲ್ಲದ ಆಸ್ತಿಯ ನಿಯಮಗಳ ಪ್ರಕಾರ ಹೆಂಡತಿಗೆ ಎಲ್ಲವೂ ಹೋಗುವುದಿಲ್ಲ. 2023ರ ಜುಲೈ 26ರಿಂದ ಮನೆಯೊಳಗಿನ ಸ್ವಂತ ವಸ್ತುಗಳು, ಮೊದಲ 3,22,000 ಪೌಂಡ್ ಮತ್ತು ಮಿಕ್ಕದ್ದರ ಅರ್ಧ ಹೆಂಡತಿಗೆ, ಇನ್ನರ್ಧ ಮಕ್ಕಳಿಗೆ. ಮಕ್ಕಳಿಗೆ ಹೋದ ಆ ಅರ್ಧ ಅಜ್ಜನ ಮಿತಿಯನ್ನು ಅಷ್ಟರಮಟ್ಟಿಗೆ ಕರಗಿಸುತ್ತದೆ. ಮನೆ ಇಬ್ಬರ ಜಂಟಿ ಹೆಸರಿನಲ್ಲಿ, ಬದುಕುಳಿದವರಿಗೆ ತಾನಾಗಿ ಸೇರುವ ರೀತಿಯಲ್ಲಿ ಇದ್ದರೆ ಅದು ಈ ಹಂಚಿಕೆಯ ಹೊರಗೆ ನಿಂತು ನೇರ ಅಜ್ಜಿಗೆ ಬರುತ್ತದೆ. ಸ್ಕಾಟ್ಲೆಂಡಿನಲ್ಲಿ ತೆರಿಗೆ ಒಂದೇ ಆದರೂ ಉತ್ತರಾಧಿಕಾರದ ಕಾನೂನು ಬೇರೆ: ಉಯಿಲು ಏನೇ ಹೇಳಲಿ, ತಂದೆಯ ಚರ ಆಸ್ತಿಯಲ್ಲಿ ಮಕ್ಕಳಿಗೆ ಕೇಳಿ ಪಡೆಯಬಹುದಾದ ಹಕ್ಕಿದೆ.

ಅಜ್ಜಿ ಎರಡು ಬಾರಿ ಮದುವೆಯಾಗಿ ಇಬ್ಬರು ಗಂಡಂದಿರನ್ನೂ ಕಳೆದುಕೊಂಡಿದ್ದರೆ ಇಬ್ಬರ ಉಳಿಕೆಯನ್ನೂ ಕೇಳಬಹುದು. ಆದರೆ ಎಲ್ಲ ಸೇರಿ ಒಂದು ಪೂರ್ಣ ಮಿತಿಯನ್ನು ಮೀರುವಂತಿಲ್ಲ.

ಮದುವೆಯಾಗದೆ ಜೊತೆಯಾಗಿ ಬಾಳಿದವರಿಗೆ ಈ ಯಾವ ಸೌಲಭ್ಯವೂ ಇಲ್ಲ. ಕಾನೂನುಬದ್ಧ ಮದುವೆ ಅಥವಾ 2005ರ ಡಿಸೆಂಬರ್‌ನಿಂದ ಜಾರಿಗೆ ಬಂದ ಸಿವಿಲ್ ಪಾರ್ಟ್‌ನರ್‌ಷಿಪ್ ಇರಲೇಬೇಕು. ಜಾಯ್ಸ್ ಮತ್ತು ಸಿಬಿಲ್ ಬರ್ಡನ್ ಎಂಬ ಅವಿವಾಹಿತ ಅಕ್ಕತಂಗಿಯರು ಬದುಕಿಡೀ ಒಂದೇ ಸೂರಿನಡಿ ಇದ್ದವರು. ಒಬ್ಬರು ಹೋದರೆ ತೆರಿಗೆ ಕಟ್ಟಲು ಇನ್ನೊಬ್ಬರು ಮನೆ ಮಾರಬೇಕಾದೀತು ಎಂದು ಅವರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದರು. 2008ರ ಏಪ್ರಿಲ್‌ನಲ್ಲಿ ನ್ಯಾಯಾಲಯದ ದೊಡ್ಡ ಪೀಠ ಅವರ ವಿರುದ್ಧ ತೀರ್ಪಿತ್ತಿತು. ಒಡಹುಟ್ಟಿದವರ ಸಂಬಂಧ ದಾಂಪತ್ಯಕ್ಕಿಂತ ಬೇರೆ ಬಗೆಯದು ಎಂಬುದು ಅದರ ನಿಲುವು. ವೃದ್ಧಾಪ್ಯದಲ್ಲಿ ಪರಸ್ಪರ ಆಸರೆಯಾಗಿದ್ದ ಇಬ್ಬರಿಗೆ ಆ ತೀರ್ಪು ಕಠಿಣವಾಗಿಯೇ ಕಾಣಿಸಿರಬೇಕು. ಕಾನೂನು ಮಾತ್ರ ಅಲ್ಲಿಂದೀಚೆಗೆ ಬದಲಾಗಿಲ್ಲ.

ಮನೆಗೆ ಪ್ರತ್ಯೇಕ ಮಿತಿ

2015ರ ಜುಲೈ 8ರ ಬಜೆಟ್‌ನಲ್ಲಿ ಜಾರ್ಜ್ ಆಸ್ಬರ್ನ್ ಇನ್ನೊಂದು ಮಿತಿಯನ್ನು ಪ್ರಕಟಿಸಿದರು. ತಾವು ವಾಸಿಸಿದ್ದ ಮನೆಯನ್ನು ತಮ್ಮ ನೇರ ಸಂತತಿಗೆ ಬಿಟ್ಟುಹೋಗುವವರಿಗೆ ಮಾತ್ರ ಸಿಗುವ ಹೆಚ್ಚುವರಿ ವಿನಾಯಿತಿ ಅದು. 2017ರ ಏಪ್ರಿಲ್ 6ರಿಂದ 1,00,000 ಪೌಂಡ್‌ಗೆ ಆರಂಭವಾಗಿ, ವರ್ಷಕ್ಕೆ 25,000ದಂತೆ ಏರಿ, 2020ರ ಏಪ್ರಿಲ್‌ನಿಂದ 1,75,000 ಪೌಂಡ್‌ಗೆ ಬಂದು ನಿಂತಿದೆ. ಇದೂ ಸಂಗಾತಿಯಿಂದ ಸಂಗಾತಿಗೆ ವರ್ಗಾವಣೆಯಾಗುತ್ತದೆ. ಅಜ್ಜ 2017ರ ಏಪ್ರಿಲ್ 6ಕ್ಕೆ ಮುಂಚೆ ತೀರಿಕೊಂಡಿದ್ದರೆ ಈ ಮಿತಿ ಆಗ ಹುಟ್ಟಿಯೇ ಇರಲಿಲ್ಲ. ಆದರೂ ಕಾನೂನು ಅದನ್ನು ಪೂರ್ತಿ ಬಳಸದೆ ಬಿಟ್ಟಂತೆ ಎಣಿಸಿ ಅಜ್ಜಿಗೆ ಕೊಡುತ್ತದೆ. ಅಜ್ಜನ ಆಸ್ತಿ ಆಗಲೇ 20 ಲಕ್ಷ ಪೌಂಡ್ ದಾಟಿದ್ದರೆ ಮಾತ್ರ ಕಡಿತ. ಆ ಅಜ್ಜನಿಗೆ ಸ್ವಂತ ಮನೆ ಇತ್ತೋ ಇಲ್ಲವೋ ಎಂಬುದನ್ನೂ ಕೇಳುವುದಿಲ್ಲ. ಅಜ್ಜಿಗೆ ಮನೆ ಇದ್ದು ಅದು ಸಂತತಿಗೆ ಹೋದರೆ ಸಾಕು.

ಮೇಲಿನ ಅಜ್ಜಿಯ ಉದಾಹರಣೆಗೆ ಮರಳಿದರೆ, ಅವರ ಒಟ್ಟು ಆಸ್ತಿ 9,50,000 ಪೌಂಡ್, ಅದರಲ್ಲಿ ಮನೆಯ ಬೆಲೆ 6,00,000, ಮನೆ ಮಕ್ಕಳಿಗೆ ಹೋಗುತ್ತದೆ ಎಂದುಕೊಳ್ಳೋಣ. ಶೂನ್ಯ ದರದ ಮಿತಿ 5,20,000. ಮನೆಯ ಮಿತಿ 1,75,000 ಇಮ್ಮಡಿಯಾಗಿ 3,50,000. ಎರಡೂ ಸೇರಿ 8,70,000. ತೆರಿಗೆಗೆ ಸಿಗುವುದು 80,000 ಪೌಂಡ್, ತೆರಿಗೆ 32,000. ಕುಟುಂಬ ಅಜ್ಜನ ಪಾಲನ್ನು ಕೇಳದೆ ಅಜ್ಜಿಯ ಎರಡು ಮಿತಿಗಳನ್ನಷ್ಟೇ ಬಳಸಿದ್ದರೆ ಮಿತಿ 5,00,000ಕ್ಕೆ ನಿಂತು, 4,50,000ದ ಮೇಲೆ 1,80,000 ಪೌಂಡ್ ತೆರಿಗೆ ಬೀಳುತ್ತಿತ್ತು. ವ್ಯತ್ಯಾಸ 1,48,000 ಪೌಂಡ್.

ಮನೆಯ ಮಿತಿಗೆ ಷರತ್ತುಗಳು ಹೆಚ್ಚು. ಮನೆಯ ಮೇಲಿನ ಸಾಲ ಕಳೆದು ಉಳಿದ ಬೆಲೆಗಿಂತ ಹೆಚ್ಚು ಸಿಗದು: ಮನೆ 2,40,000 ಪೌಂಡಿನದಾದರೆ ಮಿತಿಯೂ ಅಷ್ಟೇ. ಅಜ್ಜಿ ಯಾವುದಾದರೂ ಒಂದು ಕಾಲದಲ್ಲಿ ಆ ಮನೆಯಲ್ಲಿ ವಾಸವಾಗಿದ್ದಿರಬೇಕು. ಕೊನೆಗಾಲದಲ್ಲಿ ಮಗನ ಮನೆಗೆ ಹೋಗಿ, ತಮ್ಮ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೂ ತೊಂದರೆಯಿಲ್ಲ. ಬಾಡಿಗೆಗೆಂದೇ ಕೊಂಡು ತಾವು ಒಂದು ದಿನವೂ ವಾಸಿಸದ ಮನೆಗೆ ಸಿಗುವುದಿಲ್ಲ. ವಯಸ್ಸಾದವರು ದೊಡ್ಡ ಮನೆ ಮಾರಿ ಚಿಕ್ಕದಕ್ಕೆ ಹೋಗುವುದು, ಆರೈಕೆ ಕೇಂದ್ರ ಸೇರುವುದು ಸಾಮಾನ್ಯ. ಅವರಿಗೆ ಅನ್ಯಾಯವಾಗಬಾರದೆಂದು, 2015ರ ಜುಲೈ 8 ಅಥವಾ ನಂತರ ಮನೆ ಮಾರಿದವರಿಗೆ ಕಳೆದುಕೊಂಡ ಮಿತಿಗೆ ಸಮನಾದ ಸೇರ್ಪಡೆಯೊಂದನ್ನು ಕೊಡುತ್ತಾರೆ. ಬೇರೆ ಆಸ್ತಿಯಾದರೂ ಸಂತತಿಗೆ ಹೋಗುತ್ತಿರಬೇಕು ಎಂಬುದಷ್ಟೇ ಅದರ ಷರತ್ತು. ಇದರ ಲೆಕ್ಕ ಜಟಿಲ, ಬಹಳ ಕುಟುಂಬಗಳಿಗೆ ಇದು ಇದೆ ಎಂಬುದೇ ಗೊತ್ತಿರುವುದಿಲ್ಲ.

ಒಟ್ಟು ಆಸ್ತಿ 20 ಲಕ್ಷ ಪೌಂಡ್ ದಾಟಿದರೆ, ದಾಟಿದ ಪ್ರತಿ 2 ಪೌಂಡ್‌ಗೆ 1 ಪೌಂಡ್‌ನಂತೆ ಮನೆಯ ಮಿತಿ ಕರಗುತ್ತದೆ. ಅಜ್ಜ-ಅಜ್ಜಿ ತಲಾ 12 ಲಕ್ಷದ ಒಡೆಯರಾಗಿದ್ದರು ಎನ್ನಿ. ಅಜ್ಜ ತನ್ನದೆಲ್ಲವನ್ನೂ ಪ್ರೀತಿಯಿಂದ ಅಜ್ಜಿಗೆ ಬಿಟ್ಟರೆ ಅವಳ ಆಸ್ತಿ 24 ಲಕ್ಷವಾಗುತ್ತದೆ. ಆಗ 3,50,000ದ ಮನೆ ಮಿತಿಯಲ್ಲಿ 2,00,000 ಹೋಗಿ 1,50,000 ಉಳಿಯುತ್ತದೆ. ಕುಟುಂಬಕ್ಕೆ 80,000 ಪೌಂಡ್ ಹೆಚ್ಚುವರಿ ತೆರಿಗೆ. ಅಜ್ಜನ ಉಯಿಲಿನಲ್ಲಿ ಒಂದು ಭಾಗ ಮಕ್ಕಳಿಗೋ ಟ್ರಸ್ಟಿಗೋ ಹೋಗಿದ್ದರೆ ಇದು ತಪ್ಪುತ್ತಿತ್ತು. ಎಲ್ಲವನ್ನೂ ಸಂಗಾತಿಗೇ ಬಿಡುವುದು ಸದಾ ಲಾಭ ಎಂಬ ನಂಬಿಕೆ ಇಂಥ ಮನೆಗಳಲ್ಲಿ ಸುಳ್ಳಾಗುತ್ತದೆ.

ಮೊಮ್ಮಕ್ಕಳ ಹೆಸರಿನ ಉಯಿಲು

ಮನೆಯ ಮಿತಿಗೆ ಅರ್ಹರಾದ ನೇರ ಸಂತತಿಯ ಪಟ್ಟಿ ಅಗಲವಾಗಿದೆ: ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು, ದತ್ತು ಮಕ್ಕಳು, ಮಲಮಕ್ಕಳು, ಸಾಕಿದ ಮಕ್ಕಳು, ಇವರೆಲ್ಲರ ಗಂಡ ಅಥವಾ ಹೆಂಡತಿ. ಮಗ ಮೊದಲೇ ತೀರಿಕೊಂಡಿದ್ದರೆ ಸೊಸೆಯೂ ಅರ್ಹಳೇ, ಅತ್ತೆ ತೀರಿಕೊಳ್ಳುವ ಹೊತ್ತಿಗೆ ಅವಳು ಮರುಮದುವೆಯಾಗಿರದಿದ್ದರೆ. ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಮಕ್ಕಳು ಪಟ್ಟಿಯಲ್ಲಿಲ್ಲ. ಮಕ್ಕಳಿಲ್ಲದ ಚಿಕ್ಕಮ್ಮನನ್ನು ಕೊನೆಯವರೆಗೂ ನೋಡಿಕೊಂಡ ಅಕ್ಕನ ಮಗಳಿಗೆ ಮನೆ ಸಿಕ್ಕರೆ ಈ ಮಿತಿ ಅನ್ವಯಿಸದು. ರಕ್ತಸಂಬಂಧದ ಒಂದೇ ಕವಲಿಗೆ ರಾಜ್ಯ ಇಷ್ಟು ಒಲವು ತೋರಿಸುವುದನ್ನು ಸಮರ್ಥಿಸುವುದು ಕಷ್ಟ.

ಮೊಮ್ಮಕ್ಕಳಿಗೆ ಮನೆ ಬಿಡುವ ಅಜ್ಜ-ಅಜ್ಜಿಯರು ಸಿಕ್ಕಿಬೀಳುವ ಒಂದು ಗುಂಡಿ ಬೇರೆ ಇದೆ. ಇಂಗ್ಲಿಷ್ ಉಯಿಲುಗಳಲ್ಲಿ ಹಳೆಯ ಕಾಲದಿಂದ ಬಂದ ಒಂದು ಷರತ್ತು ಎಂದರೆ, ಮೊಮ್ಮಕ್ಕಳು 21 ಅಥವಾ 25 ವರ್ಷ ತುಂಬಿದಾಗ ಆಸ್ತಿ ಅವರದಾಗತಕ್ಕದ್ದು ಎಂಬುದು. ಹರೆಯದ ಕೈಗೆ ಒಮ್ಮೆಲೇ ಮನೆ ಸಿಗಬಾರದು ಎಂಬ ಕಾಳಜಿ ಅದರ ಹಿಂದಿದೆ. ತೆರಿಗೆಯ ಕಣ್ಣಿಗೆ ಮಾತ್ರ ಅದು ಷರತ್ತಿನ ಟ್ರಸ್ಟ್. ಆ ವಯಸ್ಸು ತುಂಬುವವರೆಗೆ ಮನೆ ಟ್ರಸ್ಟಿಗಳದೇ ಹೊರತು ಮೊಮ್ಮಗುವಿನದಲ್ಲ, ಹಾಗಾಗಿ ನೇರ ಸಂತತಿಗೆ ಹೋಯಿತು ಎಂದು ಎಣಿಸಲಾಗದು. ಮನೆಯ ಮಿತಿ ಕೈತಪ್ಪುತ್ತದೆ. ತಂದೆ-ತಾಯಿ ತಮ್ಮ ಸ್ವಂತ ಮಕ್ಕಳಿಗಾಗಿ ಇಂಥ ಟ್ರಸ್ಟ್ ಮಾಡಿದರೆ ಕಾನೂನು ಕೆಲವು ಬಗೆಗಳಿಗೆ ರಿಯಾಯಿತಿ ಕೊಡುತ್ತದೆ. ಅಜ್ಜ-ಅಜ್ಜಿ ಮೊಮ್ಮಕ್ಕಳಿಗಾಗಿ ಮಾಡಿದ್ದಕ್ಕೆ ಕೊಡುವುದಿಲ್ಲ. ಅಜ್ಜಿ ತೀರಿಕೊಂಡಾಗಲೇ ಮೊಮ್ಮಗಳಿಗೆ ಆ ವಯಸ್ಸು ದಾಟಿದ್ದರೆ ಸಮಸ್ಯೆಯಿಲ್ಲ. ಯಾವ ಷರತ್ತೂ ಇಲ್ಲದೆ ಮೊಮ್ಮಗುವಿಗೇ ಬಿಟ್ಟು, 18 ತುಂಬುವವರೆಗೆ ಹಿರಿಯರು ನೋಡಿಕೊಳ್ಳಲಿ ಎಂದು ಬರೆದಿದ್ದರೂ ಮಿತಿ ಸಿಗುತ್ತದೆ. ಸಾವಿನ ನಂತರ ಎರಡು ವರ್ಷದೊಳಗೆ ಇದನ್ನು ಸರಿಪಡಿಸುವ ದಾರಿಗಳೂ ಇವೆ, ಉಯಿಲು ಟ್ರಸ್ಟಿಗಳಿಗೆ ಆ ಅಧಿಕಾರ ಕೊಟ್ಟಿದ್ದರೆ. 2017ಕ್ಕೆ ಮುಂಚೆ ಬರೆಸಿ ಬೀರುವಿನಲ್ಲಿಟ್ಟ ಉಯಿಲನ್ನು ಇನ್ನೊಮ್ಮೆ ತೆಗೆದು ಓದಿಸುವುದಕ್ಕೆ ಇದೊಂದೇ ಕಾರಣ ಸಾಕು.

ಬದುಕಿದ್ದಾಗ ಕೊಟ್ಟದ್ದು

ಅಜ್ಜಿ ತೀರಿಕೊಳ್ಳುವ ಮುಂಚಿನ ಏಳು ವರ್ಷಗಳಲ್ಲಿ ಕೊಟ್ಟ ದೊಡ್ಡ ಉಡುಗೊರೆಗಳೂ ಲೆಕ್ಕಕ್ಕೆ ಬರುತ್ತವೆ. ಅವು ಶೂನ್ಯ ದರದ ಮಿತಿಯನ್ನು ಮೊದಲು ಬಳಸಿಕೊಳ್ಳುತ್ತವೆ, ಉಳಿದ ಮಿತಿ ಸಾವಿನ ಸಮಯದ ಆಸ್ತಿಗೆ. ಐದು ವರ್ಷದ ಹಿಂದೆ ಮೊಮ್ಮಗನಿಗೆ ಮನೆ ಕೊಳ್ಳಲು 2,00,000 ಪೌಂಡ್ ಕೊಟ್ಟಿದ್ದರೆ ಆ ಹಣಕ್ಕೆ ತೆರಿಗೆ ಬೀಳದು, ಆದರೆ ಮಿಕ್ಕ ಆಸ್ತಿಗೆ ಉಳಿದ ಮಿತಿ ಅಷ್ಟು ಕಡಿಮೆಯಾಗುತ್ತದೆ. ಮೂರು ವರ್ಷ ಕಳೆದ ಮೇಲೆ ದರ ಹಂತಹಂತವಾಗಿ ಶೇ 32, 24, 16, 8ಕ್ಕೆ ಇಳಿಯುತ್ತದೆ ಎಂಬುದನ್ನು ಜನ ತಪ್ಪಾಗಿ ತಿಳಿದುಕೊಳ್ಳುತ್ತಾರೆ. ಆ ಇಳಿಕೆ ಉಡುಗೊರೆಗಳೇ ಮಿತಿಯನ್ನು ಮೀರಿದಾಗ, ಮೀರಿದ ಭಾಗದ ತೆರಿಗೆಗೆ ಮಾತ್ರ. ಮನೆಯ ಮಿತಿಯನ್ನು ಉಡುಗೊರೆಗಳಿಗೆ ಬಳಸುವಂತಿಲ್ಲ. 20 ಲಕ್ಷದ ಗೆರೆಯನ್ನು ಅಳೆಯುವಾಗ ಮಾತ್ರ ಕೊಟ್ಟುಬಿಟ್ಟ ಹಣ ಎಣಿಕೆಗೆ ಬರುವುದಿಲ್ಲ.

ಯಾವ ಲೆಕ್ಕಕ್ಕೂ ಬಾರದ ಉಡುಗೊರೆಗಳಿವೆ. ವರ್ಷಕ್ಕೆ ಒಟ್ಟು 3,000 ಪೌಂಡ್, ಹಿಂದಿನ ಒಂದು ವರ್ಷದ್ದು ಬಳಸದೆ ಉಳಿದಿದ್ದರೆ ಅದೂ ಸೇರಿ. ಬೇರೆ ಬೇರೆ ಜನರಿಗೆ ತಲಾ 250. ಮೊಮ್ಮಗ ಅಥವಾ ಮೊಮ್ಮಗಳ ಮದುವೆಗೆ 2,500. ಮದುವೆಯ ಉಡುಗೊರೆಯಲ್ಲಿ ತಂದೆ-ತಾಯಿಗೆ 5,000, ಇತರರಿಗೆ 1,000. ಅಜ್ಜ-ಅಜ್ಜಿಗೆ ನಡುವಿನ ಸ್ಥಾನ. ಇವೆಲ್ಲಕ್ಕಿಂತ ದೊಡ್ಡದು, ಆದಾಯದಿಂದ ನಿಯಮಿತವಾಗಿ ಕೊಡುವ ಹಣಕ್ಕಿರುವ ವಿನಾಯಿತಿ. ಅದಕ್ಕೆ ಮೇಲ್ಮಿತಿಯೇ ಇಲ್ಲ. ಪಿಂಚಣಿಯಲ್ಲಿ ತಮ್ಮ ಜೀವನಕ್ಕೆ ಬೇಕಾದ್ದು ಕಳೆದು ಉಳಿದದ್ದರಿಂದ ಮೊಮ್ಮಕ್ಕಳ ಶಾಲಾ ಶುಲ್ಕ ಕಟ್ಟುವ ಅಜ್ಜಿಗೆ ಇದು ದೊಡ್ಡ ಅನುಕೂಲ. ಆದಾಯ, ಖರ್ಚು, ಕೊಟ್ಟದ್ದು ಮೂರನ್ನೂ ವರ್ಷವರ್ಷ ಬರೆದಿಟ್ಟರೆ ಮಾತ್ರ ಮುಂದೆ ಅದನ್ನು ಸಾಬೀತುಪಡಿಸಲು ಸಾಧ್ಯ.

ಮನೆಯನ್ನು ಮಗಳ ಹೆಸರಿಗೆ ಬರೆದುಕೊಟ್ಟು, ಬಾಡಿಗೆ ಕೊಡದೆ ಅದೇ ಮನೆಯಲ್ಲಿ ಉಳಿದರೆ ಏಳು ವರ್ಷವಲ್ಲ, ಇಪ್ಪತ್ತು ವರ್ಷ ಕಳೆದರೂ ಆ ಮನೆ ಅಜ್ಜಿಯ ಆಸ್ತಿಯಲ್ಲೇ ಎಣಿಕೆಯಾಗುತ್ತದೆ. 1986ರ ಮಾರ್ಚ್ 18ರಿಂದ ಈ ನಿಯಮ ಇದೆ.

ಸಾವಿನ ನಂತರದ ಕೆಲಸ

ಅಜ್ಜನ ಉಳಿದ ಮಿತಿಯನ್ನು ಕೇಳಲು ಐಎಚ್‌ಟಿ402 ನಮೂನೆ. ಮನೆಯ ಮಿತಿಗೆ ಐಎಚ್‌ಟಿ435. ಮನೆಯ ಮಿತಿಯ ವರ್ಗಾವಣೆಗೆ ಐಎಚ್‌ಟಿ436. ಇವು ಐಎಚ್‌ಟಿ400 ಎಂಬ ಮುಖ್ಯ ಲೆಕ್ಕಪತ್ರದ ಜೊತೆ ಹೋಗುತ್ತವೆ. ಅಜ್ಜಿ ತೀರಿಕೊಂಡ ತಿಂಗಳ ಕೊನೆಯಿಂದ ಎರಡು ವರ್ಷದೊಳಗೆ ಕೋರಿಕೆ ಸಲ್ಲಿಸಬೇಕು. ಅಜ್ಜನ ಉಯಿಲು, ಪ್ರೊಬೇಟ್ ಪತ್ರ (ಉಯಿಲನ್ನು ಅಧಿಕೃತವಾಗಿ ಅಂಗೀಕರಿಸಿ ಕೊಡುವ ಪತ್ರ), ಅವರ ಆಸ್ತಿ ಯಾರ್ಯಾರಿಗೆ ಹೋಯಿತು ಎಂಬ ವಿವರ ಬೇಕಾಗುತ್ತದೆ. ಮೂವತ್ತು ವರ್ಷದ ಹಿಂದಿನ ಈ ಕಾಗದಗಳನ್ನು ಹುಡುಕುವುದೇ ಎಕ್ಸಿಕ್ಯೂಟರ್‌ಗಳ ದೊಡ್ಡ ಕಷ್ಟ. ಗಂಡ ತೀರಿಕೊಂಡಾಗ ತೆರಿಗೆ ಇಲ್ಲವೆಂದು ಎಲ್ಲವನ್ನೂ ಎಸೆದುಬಿಡುವುದು ಸಹಜ. ಆಗಲೇ ಒಂದು ಲಕೋಟೆಯಲ್ಲಿ ಅವನ್ನು ಕಟ್ಟಿಡುವುದು ಮಕ್ಕಳಿಗೆ ಮಾಡುವ ದೊಡ್ಡ ಉಪಕಾರ. ಸಣ್ಣ ಆಸ್ತಿಗಳಿಗೆ ರಿಯಾಯಿತಿ ಇದೆ: ಅಜ್ಜನ ಮಿತಿ ಪೂರ್ತಿ ಉಳಿದು, ಒಟ್ಟು 6,50,000ದೊಳಗಿನ ಸರಳ ಆಸ್ತಿಯಾಗಿದ್ದರೆ, 2022ರ ಜನವರಿಯಿಂದ ಪ್ರೊಬೇಟ್ ಅರ್ಜಿಯಲ್ಲೇ ಅದನ್ನು ಕೇಳಿದರೆ ಆಯಿತು.

ತೆರಿಗೆ ಕಟ್ಟಲು ಸಾವಿನ ತಿಂಗಳ ಕೊನೆಯಿಂದ ಆರು ತಿಂಗಳು ಗಡುವು. ಆಮೇಲೆ ಬಡ್ಡಿ, 2025ರ ಏಪ್ರಿಲ್‌ನಿಂದ ಬ್ಯಾಂಕ್ ಆಫ್ ಇಂಗ್ಲೆಂಡಿನ ಮೂಲ ದರದ ಮೇಲೆ ಇನ್ನೂ ಶೇಕಡಾ ನಾಲ್ಕು ಅಂಶ ಸೇರಿಸಿ ಹಾಕುತ್ತಾರೆ. ತೆರಿಗೆ ಕಟ್ಟದೆ ಪ್ರೊಬೇಟ್ ಸಿಗದು, ಪ್ರೊಬೇಟ್ ಇಲ್ಲದೆ ಮನೆ ಮಾರಲಾಗದು. ಈ ಇಕ್ಕಟ್ಟಿಗೆ ಪರಿಹಾರವಾಗಿ ಅಜ್ಜಿಯ ಬ್ಯಾಂಕ್ ಖಾತೆಯಿಂದಲೇ ನೇರ ತೆರಿಗೆ ಇಲಾಖೆಗೆ ಹಣ ಕಳಿಸಬಹುದು, ಮನೆಯ ಪಾಲಿನ ತೆರಿಗೆಯನ್ನು ಹತ್ತು ವಾರ್ಷಿಕ ಕಂತುಗಳಲ್ಲಿ ಕಟ್ಟಬಹುದು.

ವಾರಸುದಾರರೇ ಒಪ್ಪಿ, ಎರಡು ವರ್ಷದೊಳಗೆ ಹಂಚಿಕೆಯನ್ನು ಬದಲಿಸುವ ಪತ್ರವನ್ನೂ ಬರೆಯಬಹುದು. ತಾನು ಈಗಾಗಲೇ ಅನುಕೂಲವಾಗಿದ್ದೇನೆ, ಅಮ್ಮನ ಪಾಲು ನೇರ ನನ್ನ ಮಕ್ಕಳಿಗೆ ಹೋಗಲಿ ಎಂದು ಮಗ ಬರೆದುಕೊಟ್ಟರೆ, ತೆರಿಗೆಯ ಲೆಕ್ಕದಲ್ಲಿ ಅಜ್ಜಿಯೇ ಮೊಮ್ಮಕ್ಕಳಿಗೆ ಬಿಟ್ಟಂತೆ. ಮಗನ ಏಳು ವರ್ಷದ ಗಡಿಯಾರ ಶುರುವಾಗುವುದಿಲ್ಲ. ಉಯಿಲಿನ ನಿವ್ವಳ ಆಸ್ತಿಯಲ್ಲಿ ಶೇ 10ರಷ್ಟನ್ನು ದತ್ತಿ ಸಂಸ್ಥೆಗೆ ಬಿಟ್ಟಿದ್ದರೆ ಉಳಿದದ್ದರ ದರ ಶೇ 36ಕ್ಕೆ ಇಳಿಯುತ್ತದೆ. ಅಜ್ಜ ತೀರಿಕೊಂಡಾಗ ಅಜ್ಜಿಯ ಪಾಲಿಗೆ ತೆರಿಗೆ ಬಿದ್ದು, ಐದು ವರ್ಷದೊಳಗೆ ಅಜ್ಜಿಯೂ ಹೋದರೆ ಆ ಹಳೆಯ ತೆರಿಗೆಯ ಒಂದು ಭಾಗವನ್ನು ಹೊಸದರಿಂದ ಕಳೆಯುವ ಅವಕಾಶವೂ ಇದೆ.

ಬದಲಾಗುತ್ತಿರುವ ಚಿತ್ರ

3,25,000 ಪೌಂಡ್‌ಗಳ ಮಿತಿ 2009ರ ಏಪ್ರಿಲ್‌ನಿಂದ ಅಲ್ಲೇ ನಿಂತಿದೆ. ನಂತರದ ಬಜೆಟ್‌ಗಳು ಅದನ್ನು 2031ರ ಏಪ್ರಿಲ್‌ವರೆಗೂ ಕದಲಿಸದಿರಲು ತೀರ್ಮಾನಿಸಿವೆ. ಮನೆಗಳ ಬೆಲೆ ಏರುತ್ತಲೇ ಇರುವುದರಿಂದ, ದರ ಹೆಚ್ಚಿಸದೆಯೇ ತೆರಿಗೆ ಹೆಚ್ಚಾಗುತ್ತಿದೆ: 2024-25ರಲ್ಲಿ ಸಂಗ್ರಹ 800 ಕೋಟಿ ಪೌಂಡ್ ದಾಟಿತು. ಆದರೂ 2022-23ರಲ್ಲಿ ತೀರಿಕೊಂಡವರಲ್ಲಿ ಈ ತೆರಿಗೆ ಬಿದ್ದದ್ದು ಶೇ 5ಕ್ಕಿಂತ ಕಡಿಮೆ ಜನರ ಆಸ್ತಿಗೆ. ಭಯಪಡುವವರ ಸಂಖ್ಯೆ ಕಟ್ಟುವವರ ಸಂಖ್ಯೆಗಿಂತ ಬಹಳ ದೊಡ್ಡದು.

ಇನ್ನೊಂದು ದೊಡ್ಡ ಬದಲಾವಣೆಯನ್ನು 2024ರ ಅಕ್ಟೋಬರ್ 30ರ ಬಜೆಟ್‌ನಲ್ಲಿ ಪ್ರಕಟಿಸಲಾಯಿತು. ಅದರಂತೆ 2027ರ ಏಪ್ರಿಲ್ 6ರಿಂದ, ತೆಗೆಯದೆ ಉಳಿಸಿದ ಪಿಂಚಣಿ ನಿಧಿಯೂ ಆಸ್ತಿಗೆ ಸೇರುತ್ತದೆ. ಪಿಂಚಣಿ ನಿಧಿಯನ್ನು ಮುಟ್ಟದೆ ಮೊಮ್ಮಕ್ಕಳಿಗೆಂದು ಕಾದಿಟ್ಟವರ ಲೆಕ್ಕಾಚಾರ ಇದರಿಂದ ಬುಡಮೇಲಾಗುತ್ತದೆ. ಆ ನಿಧಿ ಸೇರಿ 20 ಲಕ್ಷದ ಗೆರೆ ದಾಟಿದರೆ ಮನೆಯ ಮಿತಿಯೂ ಕರಗುತ್ತದೆ.

ಭಾರತದ ನಂಟು

ಭಾರತದಲ್ಲೂ 1953ರ ಕಾಯಿದೆಯಡಿ ಎಸ್ಟೇಟ್ ಡ್ಯೂಟಿ ಇತ್ತು, ವಿ.ಪಿ. ಸಿಂಗ್ ಹಣಕಾಸು ಸಚಿವರಾಗಿದ್ದಾಗ 1985ರ ಮಾರ್ಚ್‌ನಲ್ಲಿ ರದ್ದಾಯಿತು. ಆದ್ದರಿಂದ ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗ ಕುಟುಂಬಗಳಿಗೆ ಈ ತೆರಿಗೆ ಅಪರಿಚಿತವೆನಿಸುತ್ತದೆ. 2025ರ ಏಪ್ರಿಲ್ 6ರಿಂದ ಮೂಲ ನೆಲೆಯ ಬದಲು ವಾಸದ ಅವಧಿಯೇ ಅಳತೆಗೋಲು: ಹಿಂದಿನ 20 ತೆರಿಗೆ ವರ್ಷಗಳಲ್ಲಿ 10 ವರ್ಷ ಬ್ರಿಟನ್ನಿನ ನಿವಾಸಿಯಾಗಿದ್ದವರ ಜಗತ್ತಿನ ಎಲ್ಲ ಆಸ್ತಿಯೂ ಲೆಕ್ಕಕ್ಕೆ ಬರುತ್ತದೆ. ಮಗನ ಜೊತೆ ಇರಲು ಬಂದು ಹನ್ನೆರಡು ವರ್ಷ ಲೆಸ್ಟರ್‌ನಲ್ಲಿ ಬಾಳಿದ ಅಜ್ಜಿಯ ಮೈಸೂರಿನ ಮನೆ, ಹಾಸನದ ತೋಟ ಸಹ. ಇದಕ್ಕೊಂದು ತಡೆ ಇದೆ. ಎರಡು ದೇಶಗಳ ನಡುವೆ ಎಸ್ಟೇಟ್ ಡ್ಯೂಟಿ ಕಾಲದಲ್ಲಿ ಆದ 1956ರ ಒಪ್ಪಂದ ಇನ್ನೂ ಜೀವಂತವಾಗಿದೆ. ಕಾನೂನಿನ ಪ್ರಕಾರ ಭಾರತವನ್ನೇ ಕಾಯಂ ನೆಲೆಯಾಗಿ ಉಳಿಸಿಕೊಂಡವರ ಬ್ರಿಟನ್ ಹೊರಗಿನ ಆಸ್ತಿಯನ್ನು, ಅದು ಬ್ರಿಟಿಷ್ ಕಾನೂನಿನಡಿ ಬರೆದ ಉಯಿಲಿನ ಮೂಲಕ ಸಾಗದಿದ್ದರೆ, ಆ ಒಪ್ಪಂದ ಕಾಯುತ್ತದೆ. ಹಾಗಾಗಿ ಭಾರತದ ಆಸ್ತಿಗೆ ಭಾರತದಲ್ಲೇ ಬೇರೆ ಉಯಿಲು ಬರೆಸುವುದು ಕೇವಲ ಅನುಕೂಲದ ಮಾತಾಗಿ ಉಳಿಯುವುದಿಲ್ಲ.

ಅಜ್ಜನ ಮಿತಿಯ ವರ್ಗಾವಣೆ ಇಂಥ ಕುಟುಂಬಗಳಿಗೂ ದಕ್ಕುತ್ತದೆ. ಬ್ರಿಟನ್ನಿಗೆ ಕಾಲಿಡದೆ, ಅಲ್ಲಿ ಬಿಡಿಗಾಸಿನ ಆಸ್ತಿಯೂ ಇಲ್ಲದೆ ಊರಿನಲ್ಲೇ ತೀರಿಕೊಂಡ ಅಜ್ಜನ ಬ್ರಿಟಿಷ್ ಮಿತಿ ಒಂದು ಪೈಸೆಯಷ್ಟೂ ಬಳಕೆಯಾಗಿರುವುದಿಲ್ಲ. ಅಜ್ಜಿಯ ಆಸ್ತಿಗೆ ಅದನ್ನು ಪೂರ್ತಿ ಕೇಳಬಹುದು. ಎಚ್ಚರ ವಹಿಸಬೇಕಾದದ್ದು ಇದಕ್ಕೆ ವಿರುದ್ಧವಾದ ಸಂದರ್ಭದಲ್ಲಿ: ಗಂಡ ಬ್ರಿಟನ್ನಿನ ದೀರ್ಘಕಾಲದ ನಿವಾಸಿ, ಹೆಂಡತಿ ಭಾರತದಲ್ಲೇ ಇದ್ದರೆ, ಅವಳಿಗೆ ಬಿಟ್ಟ ಆಸ್ತಿಗೆ ಸಂಗಾತಿಯ ವಿನಾಯಿತಿ 3,25,000 ಪೌಂಡ್‌ಗೆ ನಿಲ್ಲುತ್ತದೆ. ತೆರಿಗೆಯ ಮಟ್ಟಿಗೆ ತನ್ನನ್ನೂ ದೀರ್ಘ ನಿವಾಸಿಯೆಂದು ಎಣಿಸಿ ಎಂದು ಅವಳು ಬರೆದುಕೊಟ್ಟರೆ ಪೂರ್ಣ ವಿನಾಯಿತಿ ಸಿಗುತ್ತದೆ, ಆದರೆ ಅವಳ ಭಾರತದ ಆಸ್ತಿಯೂ ಬ್ರಿಟಿಷ್ ಲೆಕ್ಕಕ್ಕೆ ತೆರೆದುಕೊಳ್ಳುತ್ತದೆ.

ಐಎಚ್‌ಟಿ402 ನಮೂನೆ ಮದುವೆಯ ದಿನಾಂಕ ಮತ್ತು ಸ್ಥಳವನ್ನು ಕೇಳುತ್ತದೆ. ಕರ್ನಾಟಕದ ಮದುವೆ ನೋಂದಣಿ ಕಾಯಿದೆ 1976ರದ್ದು. ಎಲ್ಲ ಮದುವೆಗಳ ನೋಂದಣಿ ಕಡ್ಡಾಯವಾಗಲಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2006ರಲ್ಲಿ. ಅದಕ್ಕೂ ಮುಂಚೆ ಛತ್ರದಲ್ಲೋ ಮನೆಯಂಗಳದಲ್ಲೋ ಶಾಸ್ತ್ರೋಕ್ತವಾಗಿ ನಡೆದ ಮದುವೆ ನೋಂದಣಿಯಾಗಿರದಿದ್ದರೂ ಊರ್ಜಿತವೇ. ಆದರೆ ಲಂಡನ್ನಿನ ವಕೀಲರ ಮುಂದೆ ಅದನ್ನು ತೋರಿಸಲು ಅಫಿಡವಿಟ್, ಹಳೆಯ ಪಾಸ್‌ಪೋರ್ಟಿನಲ್ಲಿರುವ ಸಂಗಾತಿಯ ಹೆಸರು, ಲಗ್ನಪತ್ರಿಕೆ, ಪಿಂಚಣಿ ದಾಖಲೆಗಳನ್ನು ಒಟ್ಟುಮಾಡಬೇಕಾಗುತ್ತದೆ. ಅಜ್ಜಿ ಇರುವಾಗ ಅವರನ್ನೇ ಕೇಳಿ ಇವನ್ನು ಹುಡುಕಿಸಿಡುವುದು ಸುಲಭ.